ಕಿವಿಗೆ ಏನು ಹಾಕಿಕೊಂಡು ಓಡಲಿ?

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ಎರಡನೇ ಜೊತೆ ಇಯರ್‌ಬಡ್ಸ್ ಕೂಡ ಕೆಟ್ಟಿತು. ಮೊದಲನೆಯದರ ಬಲಗಿವಿಯ ಬಡ್ ಯಲಹಂಕ ನ್ಯೂ ಟೌನ್‌ನ ಚರಂಡಿಯೊಂದರ ಪಾಲಾಗಿತ್ತು. ಓಡುತ್ತಾ ಕೂದಲು ಸರಿ ಮಾಡಿಕೊಳ್ಳಲು ಕೈ ಎತ್ತಿದೆ, ಬೆರಳು ತಾಗಿತು, ಚಪ್ಪಡಿ ಸಂದಿಯಲ್ಲಿ ಟಕ್ ಅಂತ ಸದ್ದಾಯಿತು. ಎರಡನೆಯದನ್ನು ಬೆವರು ತಿಂದಿತು. ಚಾರ್ಜ್ ಆಗುವ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಡಬ್ಬದ ಮೇಲೆ 'ಸ್ಪೋರ್ಟ್ಸ್' ಅಂತ ದೊಡ್ಡದಾಗಿ ಬರೆದಿದ್ದ ಕಂಪನಿಯವರೇ, ನೀರಿನಿಂದ ಆದ ಹಾಳು ವಾರಂಟಿಗೆ ಬರಲ್ಲ ಅಂದರು.

ಈ ಸಲ ಅವಸರ ಬೇಡ ಅಂದುಕೊಂಡೆ. ಬೆಳಿಗ್ಗೆ ಜಕ್ಕೂರು ಕೆರೆ ಸುತ್ತ ಓಡುವುದಕ್ಕೂ ಬೇಕು, ಮಾನ್ಯತಾ ಟೆಕ್ ಪಾರ್ಕ್‌ವರೆಗಿನ ಬಸ್ಸಿಗೂ ಬೇಕು, ಆಫೀಸಿನ ಕಾಲ್‌ಗಳಿಗೂ ಬೇಕು. ಗೊತ್ತಿರುವವರನ್ನೆಲ್ಲ ಕೇಳಿದೆ. ಒಬ್ಬರು ಬೇಸ್, ಅಂದರೆ ದಪ್ಪ ಸ್ವರ, ಚೆನ್ನಾಗಿರಬೇಕು ಅಂದರು. ಇನ್ನೊಬ್ಬರು ಬ್ಯಾಟರಿ ನೋಡಿ ಅಂದರು. ಆಫರ್ ಬರುವವರೆಗೆ ಕಾಯಿರಿ ಅಂದವರೇ ಜಾಸ್ತಿ. ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಬೇರೆ ಇತ್ತು. ಅದು ಬಂದದ್ದು ಅಪ್ಪನಿಂದ.

ನಮ್ಮದು ದೊಡ್ಡಬಳ್ಳಾಪುರ. ಮಗ್ಗದ ಮನೆ. ಅಲ್ಲಿನ ನೇಕಾರರ ಬೀದಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ, ಸದ್ದು ಅಂದರೆ ಏನು ಅಂತ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ನಾವು. ಲಾಳಿ ಈ ಕಡೆಯಿಂದ ಆ ಕಡೆಗೆ ಹೊಡೆಯುವ ಸದ್ದಿನಲ್ಲೇ ನಾನು ಮಗ್ಗಿ ಬಾಯಿಪಾಠ ಮಾಡಿದ್ದು, ಅದರಲ್ಲೇ ನಿದ್ದೆ ಮಾಡಿದ್ದು. ಕರೆಂಟ್ ಹೋದರೆ ಇಡೀ ಬೀದಿ ಒಮ್ಮೆಗೇ ಸುಮ್ಮನಾಗುತ್ತಿತ್ತು. ಆಗಲೂ ನಾವು ಅರಚಿಕೊಂಡೇ ಮಾತಾಡುತ್ತಿದ್ದೆವು. ಮೆಲ್ಲಗೆ ಮಾತಾಡುವುದು ಗೊತ್ತೇ ಇರಲಿಲ್ಲ.

ಅಪ್ಪನಿಗೆ ರೇಡಿಯೋ ಹುಚ್ಚು. ಮಗ್ಗದ ಪಕ್ಕದ ಗೂಡಿನಲ್ಲಿ ಟ್ರಾನ್ಸಿಸ್ಟರ್ ಇಟ್ಟಿರುತ್ತಿದ್ದರು. ಮಗ್ಗದ ಸದ್ದನ್ನು ಮೀರಿ ಹಾಡು ಕೇಳಿಸಬೇಕಲ್ಲ, ಹಾಗಾಗಿ ಅದರ ಕಿವಿ ಪೂರ್ತಿ ತಿರುಚಿರುತ್ತಿತ್ತು. ಪವರ್‌ಲೂಮ್ ಶೆಡ್ಡಿನ ಸದ್ದು 90 ಡೆಸಿಬೆಲ್‌ಗಿಂತ ಮೇಲಿರುವುದು ಮಾಮೂಲು. ಅದರ ಮೇಲೆ ಇನ್ನೊಂದು ಸದ್ದು. ದಿನಕ್ಕೆ ಹತ್ತು ಗಂಟೆ, ಮೂವತ್ತು ವರ್ಷಕ್ಕೂ ಮೇಲೆ.

ಅಪ್ಪನಿಗೆ ಕಿವಿ ಮಂದವಾಗಿದೆ ಅಂತ ನಮಗೆ ಖಚಿತವಾದದ್ದು ಒಂದು ಮದುವೆಯ ಪಂಕ್ತಿಯಲ್ಲಿ. ನೆಂಟರ ಮನೆ ಮದುವೆ, ಅಪ್ಪ ಬಕೆಟ್ ಹಿಡಿದು ಪಾಯಸ ಬಡಿಸುತ್ತಿದ್ದರು. ವಯಸ್ಸಾದ ಅಜ್ಜಿಯೊಬ್ಬರು "ಸಾಕು, ಸಾಕು" ಅಂದರು. ಅಪ್ಪ ಇನ್ನೆರಡು ಸೌಟು ಹಾಕಿದರು. ಅವರು ಮತ್ತೆ ಸಾಕು ಅಂದರು, ಅಪ್ಪ ಮತ್ತೆ ಹಾಕಿದರು. ಸುತ್ತ ಕೂತವರು ನಕ್ಕರು. ನಮ್ಮ ಕಡೆ 'ಹಾಕು' ಅನ್ನುವುದನ್ನು 'ಆಕು' ಅಂತಲೇ ಅನ್ನುವುದು. 'ಸಾಕು' ಅನ್ನುವ ಮಾತಿನಿಂದ 'ಸ' ಬಿದ್ದುಹೋದರೆ ಉಳಿಯುವುದು ಅದೇ. ಅಪ್ಪನ ಮುಖ ಆವತ್ತು ಹೇಗಾಯಿತು ಅಂತ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಸದ್ದು ಹೊಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಒಂದೊಂದೇ ಸ್ವರ ಕೇಳಿಸಿ, ಕೇಳಿದಾಗ ಕೈ ಎತ್ತಿ ಅಂದರು. ಗಾಜಿನ ಆಚೆಯಿಂದ ನಾನು ನೋಡುತ್ತಿದ್ದೆ. ಎಷ್ಟೋ ಹೊತ್ತು ಅಪ್ಪನ ಕೈ ಮೇಲೇಳಲೇ ಇಲ್ಲ. ಆಮೇಲೆ ಗ್ರಾಫ್ ತೋರಿಸಿದರು. ದಪ್ಪ ಸ್ವರಗಳ ಕಡೆ ಗೆರೆ ಪರವಾಗಿಲ್ಲ ಅನ್ನುವ ಹಾಗಿತ್ತು. ಚೂಪು ಸ್ವರಗಳ ಕಡೆ, 4000 ಹರ್ಟ್ಸ್ ಹತ್ತಿರ, ಹಳ್ಳಕ್ಕೆ ಬಿದ್ದಿತ್ತು. ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಅದಂತೆ. ಮೊದಲು ಹೋಗುವುದು ಸಣ್ಣ, ಚೂಪು ಸ್ವರಗಳು. ಸ, ಶ ಥರದ ಅಕ್ಷರಗಳಿಗೆ ಆ ಸ್ವರಗಳೇ ಬೇಕು. ಒಳಗಿವಿಯಲ್ಲಿ, ಬಸವನಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡ ಭಾಗದಲ್ಲಿ, ಕೂದಲಿನಂಥ ತುದಿ ಇರುವ ಜೀವಕೋಶಗಳಿವೆ. ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ವಾಪಸ್ ಬರುವ ರೈಲಿನಲ್ಲಿ ಅಪ್ಪ ಕಿಟಕಿಗೆ ತಲೆ ಆನಿಸಿ ಮಲಗಿದ್ದರು. ನಾನು ಅಭ್ಯಾಸದಂತೆ ಬಡ್ಸ್ ಹಾಕಿಕೊಂಡೆ. ರೈಲಿನ ಸದ್ದಿಗೆ ಹಾಡು ಕೇಳಿಸಲಿಲ್ಲ. ವಾಲ್ಯೂಮ್ ಏರಿಸಿದೆ. ಇನ್ನೂ ಏರಿಸಿದೆ. ಆಮೇಲೆ ಗೂಡಿನ ಟ್ರಾನ್ಸಿಸ್ಟರ್ ನೆನಪಾಗಿ ತೆಗೆದಿಟ್ಟೆ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಾನು ಕೇಳಿಕೊಂಡದ್ದು ಇಷ್ಟು. ನಾನು ಇರುವ ಜಾಗದಲ್ಲಿ ಆಗಲೇ ಎಷ್ಟು ಸದ್ದಿದೆ? ಅದರಲ್ಲಿ ಯಾವುದು ನನಗೆ ಕೇಳಿಸಬೇಕು, ಯಾವುದು ಕೇಳಿಸದಿದ್ದರೂ ನಡೆಯುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಒಂದಿದೆ. 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ವಾರಕ್ಕೆ ಬರೀ 4 ಗಂಟೆ. ಹತ್ತು ಡೆಸಿಬೆಲ್ ಜಾಸ್ತಿ ಆದರೆ ಸಮಯ ಹತ್ತನೇ ಒಂದು ಪಾಲು. 3 ಡೆಸಿಬೆಲ್ ಏರಿದಾಗೆಲ್ಲ ಕಿವಿಗೆ ಬೀಳುವ ಶಕ್ತಿ ಎರಡರಷ್ಟಾಗುತ್ತದೆ, ಅದಕ್ಕೆ ಹೀಗೆ. ನನ್ನ ಬಸ್ ಪ್ರಯಾಣ ಹೋಗಿ ಬರುವುದು ಸೇರಿ ದಿನಕ್ಕೆ ಎರಡು ಗಂಟೆ. ಹೆಬ್ಬಾಳದಲ್ಲಿ ಸಿಕ್ಕಿಕೊಂಡ ದಿನ ಇನ್ನೂ ಜಾಸ್ತಿ. ವಾರಕ್ಕೆ ಐದು ದಿನ. ಲೆಕ್ಕ ಹಾಕಿ ನೋಡಿ.

ನೀವೂ ಒಂದು ಪರೀಕ್ಷೆ ಮಾಡಿ. ಬಸ್ಸಿನಲ್ಲೋ ಮೆಟ್ರೋದಲ್ಲೋ ನಿಮಗೆ ಸರಿ ಅನಿಸುವಷ್ಟು ವಾಲ್ಯೂಮ್ ಇಟ್ಟುಕೊಳ್ಳಿ. ಇಳಿಯುವಾಗ ಅದನ್ನು ಮುಟ್ಟಬೇಡಿ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅದೇ ಹಾಡನ್ನು ಅದೇ ವಾಲ್ಯೂಮ್‌ನಲ್ಲಿ ಹಾಕಿ. ನಾನು ಎರಡು ಸೆಕೆಂಡಿಗೆ ಕಿತ್ತು ತೆಗೆದೆ. ದಿನವೂ ಕಿವಿಗೆ ಸುರಿದುಕೊಳ್ಳುತ್ತಿದ್ದದ್ದು ಅದನ್ನೇ.

ಬಸ್ಸಿಗೆ ನಾಯ್ಸ್ ಕ್ಯಾನ್ಸಲೇಶನ್ ಬೇಕೇ ಬೇಕು ಅಂತ ನಾನು ಹೇಳುವುದು ಈ ಕಾರಣಕ್ಕೆ. ಅದು ಶೋಕಿಯ ವಸ್ತು ಅಂತ ಬಹಳ ದಿನ ಅಂದುಕೊಂಡಿದ್ದೆ. ಸಣ್ಣ ಮೈಕ್ ಹೊರಗಿನ ಸದ್ದನ್ನು ಕೇಳಿಸಿಕೊಂಡು, ಅದಕ್ಕೆ ಸರಿಯಾಗಿ ಎದುರಾದ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಇಂಜಿನ್ನಿನ ಗುಂಯ್ ಅನ್ನುವ ಸದ್ದು, ಏಸಿಯ ಸದ್ದು, ಹೀಗೆ ಒಂದೇ ಸಮನೆ ಬರುವ ದಪ್ಪ ಸದ್ದುಗಳಿಗೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಹಾರ್ನ್, ಕಂಡಕ್ಟರ್ ಸೀಟಿ, ಮಗುವಿನ ಅಳು ಇವಕ್ಕೆ ಅಷ್ಟಾಗಿ ಇಲ್ಲ. ಕ್ರಾಂತಿಕಾರಿಯಾಗಿದ್ದು ಅಮೆರಿಕಕ್ಕೆ ಹೋಗಿ ನೆಲೆಸಿದ ಬಂಗಾಳಿಯೊಬ್ಬರ ಮಗ, ಸ್ಪೀಕರ್ ಮಾಡುವ ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್, 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಬರುವಾಗ ಕೊಟ್ಟ ಹೆಡ್‌ಫೋನಿನಲ್ಲಿ ಇಂಜಿನ್ ಸದ್ದಿಗೆ ಏನೂ ಕೇಳಿಸದೆ, ಅಲ್ಲೇ ಕೂತು ಇದರ ಲೆಕ್ಕ ಹಾಕಲು ಶುರು ಮಾಡಿದರಂತೆ. ಅವರೂ ವಾಲ್ಯೂಮ್ ಏರಿಸಿ ಸುಮ್ಮನಾಗಬಹುದಿತ್ತು.

ನನಗೆ ಆದ ಲಾಭ ಹೇಳುತ್ತೇನೆ. ಮೊದಲು ಹೆಬ್ಬಾಳ ಫ್ಲೈಓವರ್ ಹತ್ತಿರ ಬರುವಾಗ ನನ್ನ ವಾಲ್ಯೂಮ್ ನೂರಕ್ಕೆ ಎಂಬತ್ತರಲ್ಲಿ ಇರುತ್ತಿತ್ತು. ಈಗ ನಲವತ್ತೈದು ದಾಟುವುದಿಲ್ಲ. ಹಾಡು ಮೊದಲಿಗಿಂತ ಚೆನ್ನಾಗಿಯೇ ಕೇಳಿಸುತ್ತದೆ.

ಆದರೆ ಅದನ್ನೇ ಹಾಕಿಕೊಂಡು ಓಡಲು ಹೋದರೆ ಕಥೆ ಬೇರೆ.

ರಬ್ಬರ್ ತುದಿ ಇರುವ ಬಡ್ಸ್ ಕಿವಿಯ ಬಾಯನ್ನು ಮುಚ್ಚುತ್ತದೆ. ಮುಚ್ಚಿದ ಕಿವಿಯಲ್ಲಿ ನಮ್ಮ ಮೈಯ ಸದ್ದೇ ದೊಡ್ಡದಾಗಿ ಕೇಳಿಸುತ್ತದೆ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ, ಗೊತ್ತಾಗುತ್ತದೆ. ಓಡುವಾಗ ಪ್ರತಿ ಹೆಜ್ಜೆಯೂ ತಲೆಯೊಳಗೆ ಧಂ ಧಂ ಅನ್ನುತ್ತದೆ. ನಾಯ್ಸ್ ಕ್ಯಾನ್ಸಲೇಶನ್ ಆನ್ ಇದ್ದರೆ ಗಾಳಿ ಮೈಕಿಗೆ ಬಡಿದು ಬರ್ ಅಂತ ಸದ್ದು. ಹೊರಗಿನ ಸದ್ದನ್ನು ಒಳಗೆ ಬಿಡುವ ಟ್ರಾನ್ಸ್‌ಪರೆನ್ಸಿ ಅನ್ನುವ ಸೌಲಭ್ಯವೂ ಇದೆ. ಕೂತಾಗ ಅದು ಚೆನ್ನ. ಓಡುವಾಗ ಅಲ್ಲೂ ಗಾಳಿಯದೇ ಕಾಟ.

ಇದೆಲ್ಲ ಕಿರಿಕಿರಿ ಅಷ್ಟೇ. ಭಯದ ವಿಷಯ ಇನ್ನೊಂದಿದೆ. ನಾನು ಮನೆ ಬಿಡುವುದು ಐದೂವರೆಗೆ. ಡಿಸೆಂಬರ್‌ನಲ್ಲಿ ಆಗ ಇನ್ನೂ ಕತ್ತಲು. ಕೆರೆ ತಲುಪುವವರೆಗೆ ರಸ್ತೆಯಲ್ಲೇ ಓಡಬೇಕು. ರಾಂಗ್ ಸೈಡಿನಲ್ಲಿ ಲೈಟ್ ಇಲ್ಲದೆ ಬರುವ ಸ್ಕೂಟರ್, ಹಾಲಿನ ವ್ಯಾನ್, ಬೀದಿ ನಾಯಿಗಳು. ಹಿಂದಿನಿಂದ ಯಾರಾದರೂ ಬರುತ್ತಿದ್ದಾರಾ ಅನ್ನುವುದು ಬೇರೆ. ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಹೆಜ್ಜೆ ಸದ್ದು ನನಗೆ ಕೇಳಿಸಲೇಬೇಕು. ಒಂದೇ ಕಿವಿಗೆ ಹಾಕಿಕೊಂಡು ಓಡಿ ಅಂತ ಸಲಹೆ ಕೊಡುತ್ತಾರೆ. ಮಾಡಿ ನೋಡಿದೆ. ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯಲು ಎರಡೂ ಕಿವಿ ಬೇಕು. ಒಂದನ್ನು ಮುಚ್ಚಿದರೆ ಸ್ಕೂಟರ್ ಇದೆ ಅಂತ ಗೊತ್ತಾಗುತ್ತದೆ, ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಅದಕ್ಕೆ ಓಟಕ್ಕೆ ಕಿವಿಯನ್ನು ಮುಚ್ಚದ ಹೆಡ್‌ಫೋನ್‌ಗಳನ್ನು ಹುಡುಕಿದೆ. ಈಗ ಎರಡು ಮೂರು ಥರ ಸಿಗುತ್ತವೆ. ಒಂದು, ಕಿವಿಯ ಅಂಚಿಗೆ ಕ್ಲಿಪ್ಪಿನಂತೆ ಸಿಕ್ಕಿಸುವಂಥದ್ದು. ಅದನ್ನು ಹಾಕಿಕೊಂಡು ಕನ್ನಡಿ ನೋಡಿದಾಗ ಅಜ್ಜಿಯ ಬುಗುಡಿ ನೆನಪಾಯಿತು, ಹೆಚ್ಚುಕಡಿಮೆ ಅದೇ ಜಾಗ. ಇನ್ನೊಂದು, ಕಿವಿಯ ಹಿಂದಿನಿಂದ ಕೊಕ್ಕೆ ಹಾಕಿ, ಸಣ್ಣ ಸ್ಪೀಕರನ್ನು ಕಿವಿಯ ಬಾಯಿಯ ಮುಂದೆ ನಿಲ್ಲಿಸುವಂಥದ್ದು. ಓಲೆ ಹಾಕುವವರು ಇದನ್ನು ತೊಟ್ಟು ನೋಡದೆ ಕೊಳ್ಳಬೇಡಿ. ಓಲೆಯ ತಿರುಪು ಕೊಕ್ಕೆಗೆ ಒತ್ತಿ ನನಗೆ ಅರ್ಧ ಗಂಟೆಗೆ ಕಿವಿ ಕೆಂಪಾಯಿತು.

ಮೂರನೆಯದು ಬೋನ್ ಕಂಡಕ್ಷನ್. ಹುರಿಗಡಲೆ ಅಗಿಯುವಾಗ ಆ ಸದ್ದು ನಮಗೆ ಎಷ್ಟು ಜೋರಾಗಿ ಕೇಳಿಸುತ್ತದೆ, ಪಕ್ಕದವರಿಗೆ ಕೇಳಿಸುವುದೇ ಇಲ್ಲ, ಅಲ್ವಾ? ಮೂಳೆಯ ಮೂಲಕ ನೇರ ಒಳಗಿವಿಗೆ ಹೋಗುವ ಸದ್ದು ಅದು. ಈ ಹೆಡ್‌ಫೋನ್ ಮಾಡುವುದೂ ಅದನ್ನೇ. ಕಿವಿಯ ಮುಂದೆ ಕೆನ್ನೆಯ ಮೂಳೆಗೆ ಒತ್ತಿಕೊಂಡು ಕೂರುತ್ತದೆ, ಅಲ್ಲೇ ಅದುರುತ್ತದೆ. ಕಿವಿ ಪೂರ್ತಿ ತೆರೆದಿರುತ್ತದೆ. ಎರಡು ಬದಿಯನ್ನೂ ಕುತ್ತಿಗೆಯ ಹಿಂದಿನಿಂದ ಒಂದು ಪಟ್ಟಿ ಸೇರಿಸುತ್ತದೆ. ಚರಂಡಿಗೆ ಬೀಳುವ ಮಾತಿಲ್ಲ. ನಾನು ತೆಗೆದುಕೊಂಡದ್ದು ಶಾಕ್ಸ್ ಕಂಪನಿಯ ಓಪನ್‌ರನ್. 26 ಗ್ರಾಂ ತೂಕ, 8 ಗಂಟೆ ಬ್ಯಾಟರಿ. ಅಷ್ಟು ಗಂಟೆ ನಾನಂತೂ ಓಡುವುದಿಲ್ಲ.

ಇದರಲ್ಲಿ ಬೇಸ್ ಕಡಿಮೆ. ತಬಲಾದ ಬಾಯಾಂ, ಮೃದಂಗದ ಎಡಗಡೆ, ಇವು ಪೇಲವವಾಗಿ ಕೇಳಿಸುತ್ತವೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಕೆನ್ನೆ ಕಚಗುಳಿ ಇಟ್ಟ ಹಾಗಾಗುತ್ತದೆ. ಸಂಗೀತವನ್ನೇ ಕೂತು ಕೇಳುವವರು ಇದನ್ನು ಕೊಂಡರೆ ಬೇಜಾರಾಗುತ್ತಾರೆ. ಬರೀ ಮಾತು ಕೇಳುವುದಕ್ಕೆ, ಓಡುತ್ತಾ ಹಳೇ ಹಾಡು ಕೇಳುವುದಕ್ಕೆ ಸಾಕು.

ಒಂದು ತಪ್ಪು ತಿಳುವಳಿಕೆ ಎಲ್ಲ ಕಡೆ ಓಡಾಡುತ್ತಿದೆ. ಇದು ಕಿವಿಯ ತಮಟೆಯನ್ನು ಮುಟ್ಟುವುದಿಲ್ಲ, ಹಾಗಾಗಿ ಎಷ್ಟು ಜೋರಾಗಿ ಕೇಳಿದರೂ ಕಿವಿಗೆ ಏನೂ ಆಗಲ್ಲ ಅಂತ. ದಯವಿಟ್ಟು ನಂಬಬೇಡಿ. ಸದ್ದಿಗೆ ಸಾಯುವ ಜೀವಕೋಶಗಳು ತಮಟೆಯಲ್ಲಿಲ್ಲ, ಒಳಗಿವಿಯಲ್ಲಿವೆ. ಗಾಳಿಯಲ್ಲಿ ಬಂದರೂ ಮೂಳೆಯಲ್ಲಿ ಬಂದರೂ ಸದ್ದು ಮುಟ್ಟುವುದು ಅಲ್ಲಿಗೇ. ತೆರೆದ ಕಿವಿಯ ಹೆಡ್‌ಫೋನನ್ನು ಬಸ್ಸಿನಲ್ಲಿ ಹಾಕಿಕೊಂಡರೆ ಇನ್ನೂ ಕಷ್ಟ. ಹೊರಗಿನ ಸದ್ದನ್ನು ತಡೆಯುವುದು ಏನೂ ಇರುವುದಿಲ್ಲ, ವಾಲ್ಯೂಮ್ ಏರುತ್ತಾ ಹೋಗುತ್ತದೆ. ಒಂದೇ ಹೆಡ್‌ಫೋನ್‌ನಲ್ಲಿ ಎರಡೂ ಕೆಲಸ ಆಗುವುದಿಲ್ಲ ಅಂತ ನನಗೆ ಅನಿಸಿದ್ದು ಇಲ್ಲೇ. ಓಟಕ್ಕೆ ಕಿವಿ ತೆರೆದಿರಬೇಕು, ಬಸ್ಸಿಗೆ ಮುಚ್ಚಿರಬೇಕು. ಇರುವ ದುಡ್ಡಿನಲ್ಲಿ ಒಂದೇ ದುಬಾರಿಯದ್ದನ್ನು ಕೊಳ್ಳುವ ಬದಲು ಎರಡು ಮಧ್ಯಮದ್ದನ್ನು ಕೊಂಡೆ. ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಬಸ್ಸಿನದ್ದನ್ನೇ ಕೊಳ್ಳಿ, ಸುಮ್ನೆ ಖಾಲಿ ಕಿವಿಯಲ್ಲಿ ಓಡಿ ಅನ್ನುತ್ತೇನೆ.

ಬೆವರಿನ ವಿಷಯ. ಡಬ್ಬದ ಮೇಲೆ ಐಪಿ ಅಂತ ಒಂದು ಸಂಖ್ಯೆ ಇರುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಎಕ್ಸ್ ಅಂತ ಇದ್ದರೆ ಆ ಪರೀಕ್ಷೆಯ ಫಲ ಹೇಳಿಲ್ಲ ಅಂತ ಅರ್ಥ. ಐಪಿಎಕ್ಸ್4 ಅಂದರೆ ಎರಚಿದ ನೀರು ತಡೆಯುತ್ತದೆ. 5 ಅಂದರೆ ನೀರಿನ ಧಾರೆ ತಡೆಯುತ್ತದೆ. 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ಪರವಾಗಿಲ್ಲ. ನನ್ನದು ಐಪಿ67. ಆದರೆ ಆ ಪರೀಕ್ಷೆ ಮಾಡುವುದು ಬರೀ ನೀರಿನಲ್ಲಿ. ಬೆವರಿನಲ್ಲಿ ಉಪ್ಪಿದೆ. ನನ್ನ ಹಳೆಯ ಬಡ್ಸ್ ಸತ್ತದ್ದು ಓಡುವಾಗಲ್ಲ, ಓಡಿದ ಮೇಲೆ. ಒದ್ದೆಯಾಗಿದ್ದಾಗಲೇ ಕೇಸಿನೊಳಗೆ ಹಾಕಿ ಮುಚ್ಚಿಡುತ್ತಿದ್ದೆ. ಉಪ್ಪುನೀರು, ಲೋಹದ ಪಿನ್, ಅದರ ಮೇಲೆ ಕರೆಂಟ್. ಕಿಲುಬು ಕಟ್ಟದೆ ಇನ್ನೇನು? ಬಡ್‌ಗೆ ಇರುವ ಐಪಿ ಸಂಖ್ಯೆ ಎಷ್ಟೋ ಸಲ ಕೇಸಿಗೆ ಇರುವುದೇ ಇಲ್ಲ. ಈಗ ಮನೆಗೆ ಬಂದ ತಕ್ಷಣ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ, ಒಣಗಿಸಿ, ಆಮೇಲೆ ಚಾರ್ಜಿಗೆ ಹಾಕುತ್ತೇನೆ.

ಓಡುವಾಗ ಹಾಡು ಆಗಾಗ ಕಟ್ ಆಗುತ್ತದೆ ಅಂತ ಕೆಲವರು ಹೊಸ ಹೆಡ್‌ಫೋನ್ ಕೊಳ್ಳುತ್ತಾರೆ. ಮೊದಲು ಫೋನಿನ ಜಾಗ ಬದಲಿಸಿ. ಬ್ಲೂಟೂತ್ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ತುಂಬಿದ ನಮ್ಮ ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ. ಮನೆಯೊಳಗೆ ಗೋಡೆಗೆ ಬಡಿದು ವಾಪಸ್ ಬಂದಾದರೂ ತಲುಪುತ್ತದೆ. ಕೆರೆ ಏರಿಯ ಬಯಲಿನಲ್ಲಿ ಅದೂ ಇಲ್ಲ. ಫೋನನ್ನು ಹಿಂದಿನ ಜೇಬಿನಿಂದ ತೋಳಿನ ಪಟ್ಟಿಗೆ ಬದಲಿಸಿದ ಮೇಲೆ ನನಗೆ ಆ ತೊಂದರೆ ತಪ್ಪಿತು. ಬ್ಲೂಟೂತ್‌ನಲ್ಲಿ ಕಳಿಸಲು ಹಾಡನ್ನು ಕುಗ್ಗಿಸುವ ವಿಧಾನಗಳಾದ ಕೋಡೆಕ್, ಅದರಲ್ಲೊಂದಾದ ಎಲ್‌ಡಿಎಸಿ ಇತ್ಯಾದಿ ಹೆಸರುಗಳ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ, ಹೆಬ್ಬಾಳದ ಬಸ್ಸಿನಲ್ಲಿ ಅದರ ವ್ಯತ್ಯಾಸ ಗೊತ್ತಾಗುವುದಿಲ್ಲ. ಫೋನಿಗೂ ಲ್ಯಾಪ್‌ಟಾಪಿಗೂ ಒಟ್ಟಿಗೆ ಜೋಡಿಸುವ ಮಲ್ಟಿಪಾಯಿಂಟ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ದಿನಾ ಉಪಯೋಗಕ್ಕೆ ಬರುವುದು ಅದು.

ಈಗ ನನ್ನ ಪದ್ಧತಿ ಹೀಗಿದೆ. ಮನೆಯಿಂದ ಕೆರೆಯ ಗೇಟಿನವರೆಗೆ ಹೆಡ್‌ಫೋನ್ ಕುತ್ತಿಗೆಯಲ್ಲಿ, ಹಾಡಿಲ್ಲ. ಒಳಗೆ ಹೋದ ಮೇಲೆ ಹಾಕಿಕೊಳ್ಳುತ್ತೇನೆ, ಎದುರು ಬಂದವರ ನಮಸ್ಕಾರ ಕೇಳಿಸುವಷ್ಟು ವಾಲ್ಯೂಮ್. ಹೆಜ್ಜಾರ್ಲೆಗಳು ನೀರಿಗಿಳಿಯುವ ಸದ್ದು, ಪಕ್ಕದ ಏರೋಡ್ರೋಮ್‌ನಿಂದ ಎದ್ದ ಪುಟ್ಟ ವಿಮಾನದ ಸದ್ದು, ಹಾಡಿನ ಜೊತೆಗೇ ಬರುತ್ತವೆ. ಎಷ್ಟೋ ದಿನ ಎರಡನೇ ಸುತ್ತಿಗೆ ಹಾಡನ್ನೇ ನಿಲ್ಲಿಸಿಬಿಡುತ್ತೇನೆ.

ಅಪ್ಪನಿಗೂ ಒಂದು ಸಲ ತೊಡಿಸಿ ನೋಡಿದೆ. ಕಿವಿ ಬಿಟ್ಟು ಮೂಳೆಯಲ್ಲಿ ಹೋಗುವುದಲ್ಲ, ಕೇಳಿಸಬಹುದೇನೋ ಅನ್ನುವ ಆಸೆ ಇತ್ತು. ಹೊರಕಿವಿಯಲ್ಲೋ ನಡುಕಿವಿಯಲ್ಲೋ ತೊಂದರೆ ಇದ್ದವರಿಗೆ ಮೂಳೆಯ ದಾರಿ ಸಹಾಯ ಮಾಡುತ್ತದೆ. ಒಳಗಿವಿಯೇ ಹೋದವರಿಗೆ ಮಾಡುವುದಿಲ್ಲ. ನನಗೆ ಗೊತ್ತಿತ್ತು, ಆದರೂ ತೊಡಿಸಿದೆ. ಅವರ ಇಷ್ಟದ ಹಾಡು ಹಾಕಿದೆ. "ಕೆನ್ನೆ ಜುಮ್ ಅಂತೈತೆ ಕಣಮ್ಮ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ತಾಳ ಗೊತ್ತಾಗ್ತೈತೆ" ಅಂದರು. ಬೆರಳಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಹಾಡು ಮುಗಿಯುವವರೆಗೂ ಕೂತಿದ್ದರು. ಹಿಯರಿಂಗ್ ಏಡ್ ಹಾಕಿಕೊಂಡರೆ ಮಾತು ಕೇಳಿಸುತ್ತದೆ. ಪಂಕ್ತಿಯಲ್ಲಿ ಬಡಿಸಲು ಮಾತ್ರ ಈಗ ಹೋಗುವುದಿಲ್ಲ.

ಮಗ್ಗ ಈಗ ತಮ್ಮನದು. ಹೋದ ಸಲ ಊರಿಗೆ ಹೋದಾಗ ಅವನು ಬಡ್ಸ್ ಹಾಕಿಕೊಂಡು ನೇಯುತ್ತಿದ್ದ. ಬಳಿ ಹೋಗಿ ಒಂದನ್ನು ತೆಗೆದು ನನ್ನ ಕಿವಿಗೆ ಇಟ್ಟುಕೊಂಡೆ. ವಾಲ್ಯೂಮ್ ಪೂರ್ತಿ. ಅಪ್ಪನ ಗ್ರಾಫ್ ತೋರಿಸಿ ಅಲ್ಲೇ ನಿಂತು ಜಗಳ ಆಡಿದೆ. "ಅಕ್ಕಾ, ಹಾಡಿಲ್ದೆ ಹೊತ್ತು ಹೋಗಲ್ಲ" ಅಂದ. ನಿಜವೇ. ದಿನಕ್ಕೆ ಹತ್ತು ಗಂಟೆ ಆ ಸದ್ದಿನಲ್ಲಿ ಸುಮ್ಮನೆ ನಿಲ್ಲು ಅಂತ ಹೇಳುವುದು ನನಗೆ ಸುಲಭ. ಮಾರನೇ ದಿನ ಹಾರ್ಡ್‌ವೇರ್ ಅಂಗಡಿಯಿಂದ ಕಾರ್ಖಾನೆಯವರು ಹಾಕುವ ಇಯರ್‌ಮಫ್ ತಂದು ಕೊಟ್ಟೆ. ನಾಯ್ಸ್ ಕ್ಯಾನ್ಸಲೇಶನ್ ಬಡ್ಸ್ ಯಾಕೆ ಕೊಡಲಿಲ್ಲ ಅಂದರೆ, ಅವು ಹಾಡು ಕೇಳುವುದಕ್ಕೆ ಮಾಡಿದವು. ಲಾಳಿಯ ಏಟಿನಿಂದ ಕಿವಿ ಕಾಯುವುದಕ್ಕಲ್ಲ. ಹಾಕ್ಕೋತೀನಿ ಅಂದ. ಮುಖ ನೋಡಿದರೆ ಹಾಕಿಕೊಳ್ಳುವ ಹಾಗೆ ಕಾಣಲಿಲ್ಲ.

ಈ ಭಾನುವಾರ ಹೋಗಿದ್ದೆ. ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗ ನಿಂತಿತ್ತು, ಅವನು ಊಟಕ್ಕೆ ಕೂತಿದ್ದ. ಇಯರ್‌ಮಫ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಟ್ರಾನ್ಸಿಸ್ಟರ್ ಇಡುತ್ತಿದ್ದ ಗೂಡಿನ ಪಕ್ಕ. ತೆಗೆದು ಬೆರಳಿನಿಂದ ಒಳಗಿನ ಸ್ಪಂಜು ಒತ್ತಿ ನೋಡಿದೆ. ಬೆವರಿಗೆ ಇನ್ನೂ ತೇವವಾಗಿತ್ತು.